ತಾ

ಸಮುದ್ರ ಉಬ್ಬಿದಾಗ ಹಲ್ ಊರು ನೀರಿಗಿಂತ ತಗ್ಗು.
ಇಲ್ಲಿ ಮಳೆನೀರು ತಾನಾಗಿ ಹೊಳೆ ಸೇರುವುದಿಲ್ಲ,
ಯಾರಾದರೂ ಎತ್ತಿ ಹಾಕಬೇಕು.
ಎತ್ತುವ ಪಂಪುಗಳು ಹದಿನಾಲ್ಕು.
ಅವುಗಳ ಕೈಪಿಡಿ ಬರೆಯುವವಳು ನಾನು.

ಬರೆಯುವವಳು ಅಂದರೆ ಕೂಡಿಸುವವಳು.
ಮೋಟಾರಿನ ಮಾತು ಗೂಲ್‌ನ ಒಂದು ಸರ್ವರಿನಲ್ಲಿ,
ವಾಲ್ವಿನದು ಲೀಡ್ಸ್‌ನ ಗುತ್ತಿಗೆದಾರರ ಹತ್ತಿರ,
ಮೂರನೇ ಪಂಪಿನ ವಿಚಾರ ಪೂರಾ
ಮೇವಿಸ್ ಓಲ್ಡ್‌ರಾಯ್ಡ್ ಮೇಜಿನ ಕೆಳಗಿನ
ಹಳೇ ಕಂಪ್ಯೂಟರಿನಲ್ಲಿ.
ಮೊದಲೆಲ್ಲ ಒಂದೊಂದನ್ನೂ ತೆರೆದು
ಕಾಪಿ ಮಾಡಿ ಅಂಟಿಸುತ್ತಿದ್ದೆ,
ಕೌದಿಗೆ ತುಂಡು ಹೊಲಿದ ಹಾಗೆ.
ಒಂದು ನವೆಂಬರಿನಲ್ಲಿ ಗೂಲ್‌ನವರು ಎಣ್ಣೆಯ ಅಳತೆ ಬದಲಿಸಿದರು.
ನನ್ನ ಪುಟದಲ್ಲಿ ಹಳೆಯದೇ ಇತ್ತು.
ಪುಟವನ್ನು ನಂಬಿದವನು ಓದಿದ್ದನ್ನೇ ಮಾಡಿದ.
ಬೇರಿಂಗು ಸುಟ್ಟ ವಾಸನೆ
ಎರಡು ದಿನ ಕೋಣೆ ಬಿಟ್ಟು ಹೋಗಲಿಲ್ಲ.
ಯಾರೂ ಬೈಯಲಿಲ್ಲ. ಅದೇ ಕಷ್ಟ.

ಆ ವಾರ ಕೂತು ಒಂದು ಸಣ್ಣ ಆಜ್ಞೆ ಬರೆದೆ.
ಬಟನ್ನಿಲ್ಲ, ಚಿತ್ರವಿಲ್ಲ,
ಕಪ್ಪು ಪರದೆ, ಮಿಣುಕುವ ಗೆರೆ.
ಜೊತೆಗೊಂದು ಪಟ್ಟಿ: ಎಲ್ಲಿಂದ, ಯಾವುದು, ಎಲ್ಲಿಡಬೇಕು.
ಹೆಸರಿಗೆ ಹೆಚ್ಚು ಯೋಚಿಸಲಿಲ್ಲ,
ದಣಿದವರು ಕೂತಲ್ಲಿಂದಲೇ ಆಡುವ ಒಂದಕ್ಷರ:
ತಾ.

ಮೇವಿಸ್ ಬೆನ್ನ ಹಿಂದೆ ನಿಂತು ನೋಡಿ ನಕ್ಕಳು.
"ಯಂತ್ರಕ್ಕೂ ಥ್ಯಾಂಕ್ಸ್ ಹೇಳ್ತೀಯಾ! ಯಾರೋ ಚೆನ್ನಾಗಿ ಬೆಳೆಸಿದಾರೆ ನಿನ್ನ."
ಈ ಊರಲ್ಲಿ ತಾ ಅಂದರೆ ಉಪಕಾರವಾಯಿತು ಅಂತ.
ಚಹಾ ಕೊಟ್ಟರೆ ತಾ, ಬಾಗಿಲು ಹಿಡಿದರೆ ತಾ,
ಬಸ್ಸಿಳಿಯುವಾಗ ಡ್ರೈವರಿಗೊಂದು ತಾ.
ಕೇಳುವ ಮಾತೂ ಋಣ ತೀರಿಸುವ ಮಾತೂ ಒಂದೇ ಆಗಿ
ನನ್ನ ಪರದೆಯ ಮೇಲೆ ಮಿಣುಕುತ್ತಿತ್ತು.
ನಾನು ಬದಲಿಸಲಿಲ್ಲ.

ದಿನಾ ಬೆಳಗಿನ ಜಾವ ನಾಲ್ಕಕ್ಕೆ ಅದು ಹೊರಡುತ್ತದೆ.
ತಂದ ಪ್ರತಿ ಕಡತಕ್ಕೂ ಒಂದು ಸಾಲು ಬರೆದಿಡುತ್ತದೆ,
ಕನ್ನಡದಲ್ಲೇ, ನನ್ನ ಹಟಕ್ಕೆ:
ತಂದೆ.
ತಂದೆ.
ತಂದೆ.
ಹೊಸದಾಗಿ ಸೇರಿದ ಟೊಮಾಷ್ ಅಕ್ಷರ ಕಂಡು ಕಕ್ಕಾಬಿಕ್ಕಿಯಾಗಿ
ಫೋನಿನಲ್ಲಿ ಅರ್ಥ ಹುಡುಕಿ ಮೆಲ್ಲಗೆ ಕೇಳಿದ:
"ನಿನ್ನ ಪ್ರೋಗ್ರಾಂ ದಿನಾ ಯಾಕೆ
ಹದಿನಾಲ್ಕು ಸಲ ಅಪ್ಪಾ ಅಪ್ಪಾ ಅನ್ನುತ್ತದೆ?"
ಅದು ಭೂತಕಾಲ ಎಂದೆ.
ಅಯ್ಯೋ, ಗೊತ್ತಿರಲಿಲ್ಲ, ಕ್ಷಮಿಸು ಎಂದು
ಎದ್ದು ಹೋಗಿ ಚಹಾ ತಂದುಕೊಟ್ಟ.
ತಾ, ಎಂದೆ. ಇನ್ನೇನು ಹೇಳುವುದು.

ಮಾರ್ಚಿನ ಒಂದು ಬೆಳಗ್ಗೆ ಹದಿಮೂರು ತಂದೆ,
ಒಂದು ಸಿಗಲಿಲ್ಲ.
ಮೇವಿಸ್ ನಿವೃತ್ತಳಾಗಿ ಹದಿನೆಂಟು ದಿನ.
ಮೇಜು ಖಾಲಿ. ಕೆಳಗೆ ಧೂಳಿನ ನಡುವೆ
ಕಂಪ್ಯೂಟರಿದ್ದಷ್ಟು ಜಾಗ ಮಾತ್ರ ಶುಭ್ರ.
ಗುಜರಿಯವನು ಹಿಂದಿನ ದಿನವೇ ಒಯ್ದಿದ್ದ.

ಸಿಗದೇ ಹೋದರೆ ಏನು ಮಾಡಬೇಕು?
ಆಜ್ಞೆ ಬರೆಯುವಾಗ ಇದೊಂದಕ್ಕೇ
ಇಡೀ ಮಧ್ಯಾಹ್ನ ಕೂತಿದ್ದೆ.
ಹಳೆಯ ಪ್ರತಿ ಅಳಿಸು ಎನ್ನಲೆ? ಪಂಪಿನ ಮುಂದೆ
ನಡುರಾತ್ರಿ ನಿಂತವನಿಗೆ ಬಿಳಿ ಪುಟ.
ಇಟ್ಟುಕೋ ಎನ್ನಲೆ? ಮತ್ತೆ ಆ ಸುಟ್ಟ ವಾಸನೆ.
ಕೊನೆಗೆ ಬರೆದಿದ್ದೆ: ಇಟ್ಟುಕೋ, ಆದರೆ ಕೂಗಿ ಹೇಳು.
ಈಗ ಕೂಗಿತ್ತು, ಕೆಂಪಕ್ಷರದಲ್ಲಿ.

ತೆರೆದೆ. ನಿನ್ನೆಯ ಪ್ರತಿಯಲ್ಲಿ ಅವಳ ಸಾಲು ಹಾಗೇ ಇತ್ತು:
"ಹಸಿರು ದೀಪ ನಂಬಬೇಡಿ.
ಕವಚದ ಮೇಲೆ ಅಂಗೈ ಇಡಿ.
ಬೆಕ್ಕಿನಂತೆ ಗುರುಗುಟ್ಟಿದರೆ ಸರಿ,
ಹಲ್ಲು ಕಡಿದರೆ ನಿಲ್ಲಿಸಿ."
ಮೂಲ ಗುಜರಿಯಲ್ಲಿ.
ಮೂಲೆಯಲ್ಲಿ ಕೂತಿದ್ದ ನಕಲಿಗೆ
ರಾತ್ರೋರಾತ್ರಿ ಬಡ್ತಿ.

ಪಟ್ಟಿಯಿಂದ ಆ ವಿಳಾಸ ತೆಗೆದೆ.
ಇನ್ನು ಇದನ್ನು ಯಾರೂ ತಂದುಕೊಡುವುದಿಲ್ಲ,
ತಿದ್ದುವುದಿದ್ದರೆ ನಾವೇ.
ವಿದರ್ನ್‌ಸೀಗೆ ಫೋನು ಮಾಡಿ ಓದಿ ಹೇಳಿದೆ.
ಆ ಕಡೆ ಗಾಳಿ, ಕಡಲಹಕ್ಕಿಗಳ ಜಗಳ.
"ಎಡ ಅಂಗೈ ಅಂತ ಬರಿ," ಎಂದಳು ಮೇವಿಸ್,
"ಬಲಗೈ ಸ್ವಿಚ್ಚಿನ ಮೇಲೆ ಇರಬೇಕಲ್ಲ.
ಇಷ್ಟು ವರ್ಷ ಅದನ್ನೇ ಬರೆದಿರಲಿಲ್ಲ ನೋಡು."
ತಾ, ಎಂದೆ. ಅವಳೂ ಅಂದಳು, ಯಾಕೋ.

ಫೋನಿಟ್ಟು ಒಂದು ಪದ ಸೇರಿಸಿದೆ:
ಎಡ.